ಟೂರ್ನಮೆಂಟ್ ಶುರುವಿನಲ್ಲೇ ಜೋಡಿ ಎಕ್ಕ ಬಂದರೆ ನೀವು ಹೇಗೆ ಆಡ್ತೀರಿ? ಮೂರು ವಾರದಲ್ಲಿ ನಾಲ್ಕು ಸಲ ಔಟ್ ಆಗಿದ್ದೇನೆ

ಮಲ್ನಾಡ್ ಮಳೆ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡಿದ್ದೆ. ಇವತ್ತು ಕೇಳದೆ ಇರೋಕೆ ಆಗಲಿಲ್ಲ.

ವಾರಕ್ಕೆ ಎರಡು ರಾತ್ರಿ, ಮಗಳು ಮಲಗಿದ ಮೇಲೆ, 25 ಡಾಲರಿನ ಆನ್‌ಲೈನ್ ಪೋಕರ್ ಟೂರ್ನಮೆಂಟ್ ಆಡುತ್ತೇನೆ. ನ್ಯೂಜೆರ್ಸಿಯಲ್ಲಿ 2013ರಿಂದ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ, ಆ ಚಿಂತೆ ಇಲ್ಲ. ನನ್ನ ಚಿಂತೆ ಬೇರೆ. ಮೂರು ವಾರದಲ್ಲಿ ನಾಲ್ಕು ಸಲ ಮೊದಲ ಅರ್ಧ ಗಂಟೆಯಲ್ಲೇ ಔಟ್ ಆಗಿದ್ದೇನೆ. ನಾಲ್ಕೂ ಸಲ ಕೈಯಲ್ಲಿ ಇದ್ದದ್ದು ದೊಡ್ಡ ಎಲೆ (ಒಬ್ಬೊಬ್ಬರಿಗೂ ಗುಟ್ಟಾಗಿ ಎರಡೆಲೆ ಸಿಗುವ ಆಟ ಇದು). ಎರಡು ಸಲ ಜೋಡಿ ಎಕ್ಕ, ಒಂದು ಸಲ ಜೋಡಿ ರಾಣಿ, ಒಂದು ಸಲ ಎಕ್ಕ-ರಾಜ. ಕೆಟ್ಟ ಎಲೆ ಬಂದ ದಿನ ಫೋಲ್ಡ್ ಮಾಡಿಕೊಂಡು (ಎಲೆ ಬಿಟ್ಟುಕೊಟ್ಟು) ಎರಡು ಗಂಟೆ ಆರಾಮಾಗಿ ಉಳಿಯುತ್ತೇನೆ. ಒಳ್ಳೆ ಎಲೆ ಬಂದ ದಿನವೇ ಬೇಗ ಹೋಗುತ್ತೇನೆ.

ಮೊನ್ನೆಯದನ್ನು ಪೂರ್ತಿ ಹೇಳ್ತೀನಿ. ಎಲ್ಲರಿಗೂ 10,000 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆ ಇಬ್ಬರು ಕಡ್ಡಾಯವಾಗಿ ಹಾಕೋದು) 50-100, ಒಂಬತ್ತು ಜನರ ಟೇಬಲ್, ಹದಿನಾಲ್ಕನೇ ಹ್ಯಾಂಡ್. ಬಟನ್‌ಗಿಂತ (ಎಲೆ ಹಂಚುವವನ ಸೀಟು) ಒಂದು ಸೀಟು ಮುಂಚೆ ನಾನು. ನನ್ನ ಮುಂದೆ ಇಬ್ಬರು ಏರಿಸದೆ ಬರೀ 100 ಹಾಕಿ ಬಂದರು, ಅಂದರೆ ಲಿಂಪ್ ಮಾಡಿದರು. ನನ್ನ ಹತ್ತಿರ ಇಸ್ಪೀಟು ಎಕ್ಕ, ಆಟೀನು ಎಕ್ಕ. 300ಕ್ಕೆ ರೈಸ್ ಮಾಡಿದೆ, ಅಂದರೆ ಏರಿಸಿದೆ. ಬಟನ್ ಕಾಲ್ (ಅಷ್ಟೇ ಹಾಕಿ ಬಂದ), ಎರಡೂ ಬ್ಲೈಂಡ್ ಕಾಲ್, ಲಿಂಪ್ ಮಾಡಿದ ಇಬ್ಬರೂ ಕಾಲ್. ಒಟ್ಟು ಆರು ಜನ, ಪಾಟ್ (ಮಧ್ಯಕ್ಕೆ ಬಿದ್ದ ಚಿಪ್ಸ್) 1,800.

ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) 9, 8, 6. ಅದರಲ್ಲಿ ಎರಡು ಕಳಾವರ್. ನನ್ನ ತನಕ ಎಲ್ಲರೂ ಚೆಕ್, ಏನೂ ಹಾಕಲಿಲ್ಲ. ನಾನು 900 ಹಾಕಿದೆ. ಬಿಗ್ ಬ್ಲೈಂಡ್‌ನಲ್ಲಿ (100ರ ಬ್ಲೈಂಡ್) ಇದ್ದವನು 2,800ಕ್ಕೆ ಏರಿಸಿದ. ಉಳಿದವರೆಲ್ಲ ಫೋಲ್ಡ್. ನಾನು ಆಲ್ ಇನ್ ಒತ್ತಿದೆ, ಇದ್ದದ್ದೆಲ್ಲ ಹಾಕಿದೆ. ಅವನು ತಕ್ಷಣ ಕಾಲ್ ಮಾಡಿ 9-8 ತೋರಿಸಿದ. ಟರ್ನ್ (ನಾಲ್ಕನೇ ಎಲೆ) ರಾಣಿ, ರಿವರ್ (ಐದನೆಯದು, ಕೊನೆಯದು) 2. ಮುಗೀತು.

ಜೋಡಿ ಎಕ್ಕ ಬರೋದು 221 ಹ್ಯಾಂಡಿಗೆ ಒಂದು ಸಲ. ಅದು ಬಂದಾಗಲೂ ಹೀಗಾದರೆ ನಾನು ಎಲ್ಲಿ ತಪ್ಪುತ್ತಿದ್ದೇನೆ? ನನ್ನದು ದುರಾದೃಷ್ಟ ಅಷ್ಟೇ ಅಂತ ಹೇಳಬೇಡಿ. ನಾಲ್ಕು ಸಲ ಆದ ಮೇಲೆ ನಾನೇ ಅದನ್ನು ನಂಬಲ್ಲ.

ಮಂಡ್ಯ ಬೆಲ್ಲ

ಗುರು, ತಪ್ಪು 300ರಲ್ಲೇ ಇದೆ. ಇಬ್ಬರು ಲಿಂಪ್ ಮಾಡಿರುವಾಗ 300 ಅಂದರೆ ಎಲ್ಲರನ್ನೂ ಬಾ ಅಂತ ಕರೆದ ಹಾಗೆ.

ಗಣಿತ ಮೇಷ್ಟ್ರು

ಬೆಲ್ಲ ಹೇಳಿದ್ದು ಸರಿ. ಎಷ್ಟು ಸರಿ ಅಂತ ಲೆಕ್ಕದಲ್ಲಿ ನೋಡೋಣ.

ಜೋಡಿ ಎಕ್ಕದ ಎದುರು ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದರೆ ನೂರಕ್ಕೆ 85 ಸಲ ನೀವು ಗೆಲ್ತೀರಿ. ಇಬ್ಬರಾದರೆ 73. ಮೂವರಾದರೆ 64. ಐವರಾದರೆ 49. ಟೇಬಲ್‌ನ ಎಂಟೂ ಜನ ಕೊನೆಯ ತನಕ ಬಂದರೆ 35ರ ಹತ್ತಿರ. ಎಲೆ ಅದೇ. ಬದಲಾಗುವುದು ಎದುರಿಗಿರುವ ತಲೆಗಳು ಮಾತ್ರ.

ಈಗ ನಿಮ್ಮ ಹ್ಯಾಂಡ್. 300 ಹಾಕಿದಿರಿ, ಐವರು ಬಂದರು, ಪಾಟ್ 1,800. ಅದೇ ಜಾಗದಲ್ಲಿ 600 ಹಾಕಿ, ಲಿಂಪ್ ಮಾಡಿದ ಇಬ್ಬರು ಮಾತ್ರ ಬಂದರು ಅಂದುಕೊಳ್ಳಿ. ಮೂರು ಆರ್ನೂರು 1,800, ಬಿಟ್ಟುಹೋದ ಬ್ಲೈಂಡ್ 150, ಒಟ್ಟು 1,950. ಪಾಟ್ ಹೆಚ್ಚುಕಡಿಮೆ ಅಷ್ಟೇ. ಆದರೆ ಎದುರಿಗೆ ಐವರ ಬದಲು ಇಬ್ಬರು. ಶುರುವಿನ ಹಂತದಲ್ಲಿ ಒಳ್ಳೆ ಎಲೆ ಆಡುವುದರಲ್ಲಿ ಅರ್ಧ ವಿಷಯ ಇದೇ.

ನಾನು ಪಾಲಿಸುವ ಅಳತೆ: ಮೂರು ಬಿಗ್ ಬ್ಲೈಂಡ್, ಅದರ ಮೇಲೆ ಲಿಂಪ್ ಮಾಡಿದ ಒಬ್ಬೊಬ್ಬರಿಗೂ ಇನ್ನೊಂದು. ನಿಮ್ಮ ಜಾಗದಲ್ಲಿ ಅದು 500 ಆಗುತ್ತಿತ್ತು. ಸಣ್ಣ ದುಡ್ಡಿನ ಆಟದಲ್ಲಿ ಜನ 500ಕ್ಕೂ ಬರ್ತಾರೆ. ಹಾಗಾಗಿ 600, 700 ಹಾಕಿದರೂ ನಷ್ಟ ಇಲ್ಲ.

ಕುಡ್ಲ 19

ಮೇಷ್ಟ್ರೇ, ಒಂದು ಪ್ರಶ್ನೆ. ಐವರು ಬಂದರೂ 49 ಸಲ ಗೆಲುವು ಅಂತ ನೀವೇ ಹೇಳಿದಿರಿ. ಆರನೇ ಒಂದು ಪಾಲು ದುಡ್ಡು ಹಾಕಿ ಅರ್ಧ ಸಲ ಗೆದ್ದರೆ ಅದು ಲಾಭವೇ ಅಲ್ವಾ? ಮತ್ತೆ ಜಾಸ್ತಿ ಜನ ಬಂದರೆ ಬೇಜಾರು ಯಾಕೆ?

ಗಣಿತ ಮೇಷ್ಟ್ರು

ಒಳ್ಳೆ ಪ್ರಶ್ನೆ. ಲಾಭವೇ, ಇಲ್ಲ ಅನ್ನಲಿಲ್ಲ. 1,800ರಲ್ಲಿ 49 ಪಾಲು ಅಂದರೆ 882. ಹಾಕಿದ 300 ಕಳೆದರೆ 582 ಉಳಿಯಿತು. ಇನ್ನೊಂದು ಕಡೆ 1,950ರಲ್ಲಿ 73 ಪಾಲು ಅಂದರೆ 1,423. ಅದರಲ್ಲಿ 600 ಕಳೆದರೆ 823. ಎರಡನೆಯದೇ ಹೆಚ್ಚು.

ಇದು ಫ್ಲಾಪ್ ಆದ ಮೇಲೆ ಯಾರೂ ಒಂದು ಚಿಪ್ ಕೂಡ ಹಾಕುವುದಿಲ್ಲ ಅನ್ನುವ ಲೆಕ್ಕ. ನಿಜವಾದ ಆಟದಲ್ಲಿ ಇನ್ನೂ 9,700 ಚಿಪ್ಸ್ ಹಿಂದೆ ಕೂತಿರುತ್ತದೆ. ಐವರಲ್ಲಿ ಯಾರಿಗೆ ಏನು ಸಿಕ್ಕಿತು ಅಂತ ಗೊತ್ತಾಗದೆ ಅದನ್ನೂ ಸುರಿಯುತ್ತೇವೆ. ನಷ್ಟ ಆಗುವುದು ಅಲ್ಲಿ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಮೇಷ್ಟ್ರು ಕೊನೆಗೆ ಹೇಳಿದರಲ್ಲ, ಅದನ್ನೇ ನಾನು ಮೊದಲಿಗೆ ಹೇಳ್ತೀನಿ ನೋಡ್ರಿ. 300 ಸಣ್ಣ ತಪ್ಪು. ದೊಡ್ಡ ತಪ್ಪು ಫ್ಲಾಪಿನ ಆಲ್ ಇನ್.

ಸ್ವಲ್ಪ ನಿಧಾನ ಯೋಚಿಸ್ರಿ. ಫ್ಲಾಪ್ 9-8-6. ಬಿಗ್ ಬ್ಲೈಂಡ್‌ನವನು ಐದು ಜನರ ನಡುವೆ ಚೆಕ್ ಮಾಡಿ ಆಮೇಲೆ ಏರಿಸ್ತಾನೆ. ಅವನು 200 ಕೊಟ್ಟು ಬಂದವನು, ಅವನ ಹತ್ತಿರ ಯಾವ ಎಲೆ ಬೇಕಾದರೂ ಇರಬಹುದು. 9-8, 9-6, 8-6 ಎರಡು ಜೋಡಿ. 10-7, 7-5 ಇದ್ದರೆ ಆಗಲೇ ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗಿದೆ. ಜೋಡಿ 9, ಜೋಡಿ 8, ಜೋಡಿ 6 ಇದ್ದರೆ ಸೆಟ್, ಒಂದೇ ಅಂಕಿಯ ಮೂರು ಎಲೆ. ನಿಮ್ಮ ಹತ್ತಿರ ಏನಿದೆ? ಒಂದು ಜೋಡಿ. ದೊಡ್ಡ ಜೋಡಿ ಖರೆ, ಆದರೂ ಒಂದೇ ಜೋಡಿ. ಕಳಾವರ್ ಎಕ್ಕ ಕೂಡ ನಿಮ್ಮ ಕೈಯಲ್ಲಿ ಇಲ್ಲ.

ಆಲ್ ಇನ್ ಮಾಡಿ ಕಾಲ್ ಆದರೆ ಪಾಟ್ 21,200. ನೀವು ಹೊಸದಾಗಿ ಹಾಕಿದ್ದು 8,800. ಅಂದರೆ ಕಾಲ್ ಆದಾಗ ನೂರಕ್ಕೆ 42 ಸಲ ಗೆಲ್ಲಬೇಕು, ಇಲ್ಲದಿದ್ದರೆ ನಷ್ಟ. 9-8 ಎದುರು ನಿಮ್ಮ ಗೆಲುವು ನಾಲ್ಕಕ್ಕೆ ಒಂದು ಸಲದ ಹತ್ತಿರ. ಸೆಟ್, ಸ್ಟ್ರೇಟ್ ಎದುರು ಇನ್ನೂ ಕಡಿಮೆ. ಫ್ಲಶ್ (ಒಂದೇ ಜಾತಿಯ ಐದು ಎಲೆ) ಕಾಯುತ್ತಿರುವವನ ಎದುರು ಮಾತ್ರ ನೀವು ಮುಂದೆ.

ಬ್ಲೈಂಡ್ 50-100 ಇದ್ದಾಗ 10,000 ಅಂದರೆ ನೂರು ಬಿಗ್ ಬ್ಲೈಂಡ್. 1,200 ಹೋದರೂ ಇನ್ನೂ 8,800 ಇರ್ತಿತ್ತು. ಅದು ಚಲೋ ಸ್ಟ್ಯಾಕ್ ಅಲ್ಲೇನು?

ಮಲ್ನಾಡ್ ಮಳೆ

ಎಕ್ಸ್‌ಪ್ರೆಸ್ ಅಣ್ಣಾ, ಇದು ನನ್ನ ಕಣ್ಣು ತೆರೆಸಿತು. ರೈಸ್ ಬಂದಾಗ ನಾನು ಅವನ ಎಲೆ ಯೋಚಿಸಲೇ ಇಲ್ಲ. ನನ್ನ ಎರಡು ಎಕ್ಕ ಮಾತ್ರ ಕಾಣಿಸುತ್ತಿತ್ತು. ಲೆಕ್ಕ ನಾನೂ ನೋಡಿದೆ: 300 ಮೊದಲೇ ಹೋಗಿತ್ತು, ಫ್ಲಾಪ್‌ನ 900 ಸೇರಿ ಒಟ್ಟು 1,200. ನಿಮ್ಮ 8,800 ಸರಿಯಾಗಿದೆ.

ಆದರೆ ಇಷ್ಟು ಸಣ್ಣ ಆಟದಲ್ಲಿ ಜನ 9-7 ಹಿಡಿದುಕೊಂಡೂ ಏರಿಸ್ತಾರಲ್ಲ?

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಇಬ್ಬರ ನಡುವೆ ಆದರೆ ಏರಿಸ್ತಾರೆ. ಆರು ಜನ ಇದ್ದಾಗ ಅದೇ ಮನುಷ್ಯ ಹುಷಾರಾಗಿರ್ತಾನೆ. ಸಣ್ಣ ಆಟದವರು ಕಾಲ್ ಮಾಡೋದರಲ್ಲಿ ಧಾರಾಳಿಗಳು, ಏರಿಸೋದರಲ್ಲಿ ಅಲ್ಲ. ಅವರು ಏರಿಸಿದರು ಅಂದರೆ ನಂಬ್ರಿ.

ಶರಾವತಿ (ಲಂಡನ್)

ನಿಮ್ಮ ಎರಡನೇ ಜೋಡಿ ಎಕ್ಕದ ಕಥೆ ಏನು? ಅದನ್ನು ಬರೆಯಲೇ ಇಲ್ಲ. ಮೆಲ್ಲಗೆ ಆಡಿ ಬಲೆ ಹಾಕೋಕೆ ಹೋಗಿದ್ದಿರಾ? ಕೇಳೋದಕ್ಕೆ ಕಾರಣ ಇದೆ. ನಾನು ಒಂದು ವರ್ಷ ಪೂರ್ತಿ ಅದನ್ನೇ ಮಾಡಿದೆ.

11 ಪೌಂಡಿನ ಟೂರ್ನಮೆಂಟ್‌ನಲ್ಲಿ ಮೊದಲ ಸೀಟಿನಿಂದ ಜೋಡಿ ಎಕ್ಕ ಲಿಂಪ್ ಮಾಡೋದು, ಯಾರಾದರೂ ರೈಸ್ ಮಾಡಲಿ ಅಂತ ಕಾಯೋದು. ಯಾರೂ ರೈಸ್ ಮಾಡಲ್ಲ. ನಾಲ್ವರು ಹಿಂದೆ ಬರ್ತಾರೆ, ಬಿಗ್ ಬ್ಲೈಂಡ್‌ನವರು ಬಿಟ್ಟಿಯಾಗಿ ಫ್ಲಾಪ್ ನೋಡ್ತಾರೆ. ಒಂದು ಸಲ ಫ್ಲಾಪ್ 7-3-2. ಎಷ್ಟು ಸಪ್ಪೆ ಫ್ಲಾಪ್, ಯಾರಿಗೂ ಏನೂ ಸಿಕ್ಕಿಲ್ಲ ಅಂದುಕೊಂಡೆ. ಬಿಗ್ ಬ್ಲೈಂಡ್ ಹತ್ತಿರ 7-3 ಇತ್ತು. ಬೇರೆ ಯಾವ ದಾರಿಯಲ್ಲೂ ಆ ಎಲೆ ನನ್ನೆದುರು ಬರ್ತಿರಲಿಲ್ಲ. ನಾನೇ ಬಾಗಿಲು ತೆಗೆದು ಕೂರಿಸಿದ್ದೆ.

ಈಗ ಎಲ್ಲಿ ಕೂತಿದ್ದರೂ ರೈಸ್. ಯಾರಾದರೂ ನನಗಿಂತ ಮೊದಲು ರೈಸ್ ಮಾಡಿದರೆ ಅದರ ಮೂರು ಪಟ್ಟು, ಬ್ಲೈಂಡ್‌ನಲ್ಲಿದ್ದರೆ ನಾಲ್ಕು ಪಟ್ಟು. ಸಣ್ಣ ಆಟದಲ್ಲಿ ಬಲೆ ಬೇಕಾಗಿಲ್ಲ. ಜನ ದುಡ್ಡು ಕೊಟ್ಟು ಬರೋಕೆ ತಯಾರಾಗಿರುವಾಗ ಅವರಿಂದ ದುಡ್ಡು ತಗೋಬೇಕು ಅಷ್ಟೇ.

ಮಲ್ನಾಡ್ ಮಳೆ

ಅಕ್ಕಾ, ಸರಿಯಾಗಿ ಊಹಿಸಿದಿರಿ. ಅದೇ ಕಥೆ. ಲಿಂಪ್ ಮಾಡಿದ್ದೆ, 5-4 ಇದ್ದವನಿಗೆ ಸ್ಟ್ರೇಟ್ ಆಯಿತು.

ಕುಡ್ಲ 19

ನನ್ನ ಅಭಿಪ್ರಾಯ ಬೇರೆ, ಮಾರಾಯ್ರೆ. ಮೊದಲ ಒಂದು ಗಂಟೆ ಎಕ್ಕ-ರಾಜ, ಜೋಡಿ ರಾಣಿ, ಜೋಡಿ ಗುಲಾಮ ಬಂದರೆ ನಾನು ಮೂರನೇ ರೈಸ್‌ಗೆ ಹೋಗುವುದೇ ಇಲ್ಲ. ಕೆಲವು ಸಲ ಮೊದಲ ರೈಸ್‌ಗೇ ಫೋಲ್ಡ್ ಮಾಡ್ತೇನೆ. ಟೂರ್ನಮೆಂಟ್ ಅಂದರೆ ಉಳಿಯುವ ಆಟ. ಆ ಹೊತ್ತಿಗೆ ಗೆಲ್ಲುವ 150 ಚಿಪ್ಸ್ ಯಾರಿಗೆ ಬೇಕು? ಔಟ್ ಆದರೆ ಎಲ್ಲ ಮುಗಿಯಿತು. ಎಡವಟ್ಟು ಮಾಡುವವರು ತಾವಾಗಿ ಹೋಗಲಿ, ನಾವು ಕಾಯೋಣ.

ಶರಾವತಿ

ಎಡವಟ್ಟು ಮಾಡುವವರು ಹೋಗುವಾಗ ಅವರ ಚಿಪ್ಸ್ ಯಾರ ಕೈಗೆ ಹೋಗುತ್ತೆ? ಕಾಯುತ್ತಾ ಕೂತವರಿಗಲ್ಲ.

ಗಣಿತ ಮೇಷ್ಟ್ರು

ಕುಡ್ಲ ಅವರೇ, ಇದನ್ನು ನಾನು ಒಪ್ಪಲ್ಲ. ಕಾರಣ ಎರಡು.

ಮೊದಲನೆಯದು, ಎಲೆ ಎಷ್ಟು ಸಲ ಬರುತ್ತೆ ಅನ್ನೋದು. ಒಟ್ಟು 1,326 ಬಗೆಯ ಎರಡೆಲೆ ಇವೆ. ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ ಸೇರಿ 18, ಎಕ್ಕ-ರಾಜ 16. ಒಟ್ಟು 34. ಅಂದರೆ 39 ಹ್ಯಾಂಡಿಗೆ ಒಂದು. ಆನ್‌ಲೈನ್‌ನಲ್ಲಿ ಒಂದು ಟೇಬಲ್‌ನಲ್ಲಿ ಗಂಟೆಗೆ 70 ಹ್ಯಾಂಡ್ ಅಂತ ಇಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಇಂಥ ಎಲೆ ಬರುವುದು ಎರಡು ಸಲ ಇರಬಹುದು. ಆ ಎರಡನ್ನೂ ಬಿಟ್ಟರೆ ನೀವು ಆಡುವುದು ಯಾವುದನ್ನು?

ಎರಡನೆಯದು, ಚಿಪ್ಸ್‌ನ ಬೆಲೆ. ಬಹುಮಾನದ ಗಡಿ ಹತ್ತಿರ ಬಂದಾಗ, ಕೊನೆಯ ಟೇಬಲ್‌ನಲ್ಲಿ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಅಲ್ಲಿ ಕಳೆದುಕೊಳ್ಳುವ ಚಿಪ್ ಗೆಲ್ಲುವ ಚಿಪ್‌ಗಿಂತ ದುಬಾರಿ. ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅಂತ ಕರೆಯುವುದು ಇದನ್ನೇ. ಆದರೆ ನಾನೂರು ಜನರಲ್ಲಿ ಮುನ್ನೂರ ತೊಂಬತ್ತು ಜನ ಇನ್ನೂ ಆಡುತ್ತಿರುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಚಿಪ್ಸ್ ಎರಡು ಪಟ್ಟಾದರೆ ನಿಮ್ಮ ಪಾಲಿನ ಬೆಲೆಯೂ ಎರಡು ಪಟ್ಟಿನ ತೀರಾ ಹತ್ತಿರ ಹೋಗುತ್ತದೆ.

ಕುಡ್ಲ 19

ಒಪ್ಪುವಾ, ಲೆಕ್ಕ ಸರಿ. ಆದರೆ ಮನುಷ್ಯನ ಮನಸ್ಸು ಅಂತ ಒಂದು ಉಂಟು. ಸಂಜೆ ಕೆಲಸ ಮುಗಿಸಿ ಮೂರು ಗಂಟೆ ಆಡುವ ಅಂತ ಕೂತು, ಹತ್ತು ನಿಮಿಷಕ್ಕೆ ಔಟ್ ಆದರೆ ಬೇಜಾರಾಗ್ತದೆ. ನನಗೆ ಆಡುವ ಸಮಯವೂ ಬೇಕು.

ಮಂಡ್ಯ ಬೆಲ್ಲ

ಇದು ಪ್ರಾಮಾಣಿಕ ಉತ್ತರ. ಆಡೋ ಖುಷಿಗೆ ಆಡೋರು ಹೀಗೆ ಆಡಿದರೆ ತಪ್ಪಿಲ್ಲ.

ಇನ್ನೊಂದು ಮಾತು. ಮೇಷ್ಟ್ರೂ ಮಳೆಯೂ ಎಲ್ಲರೂ ಎಕ್ಕ ಅಂತಾನೇ ಬರೆದಿದ್ದು ನೋಡಿ ಮನಸ್ಸು ತುಂಬಿತು. ಬೇರೆ ಗುಂಪುಗಳಲ್ಲಿ ಏಸ್ ಏಸ್ ಅಂತ ಓದಿ ಓದಿ ನಮ್ಮ ಪದವೇ ಮರೆತಿತ್ತು. ನಮ್ಮ ತಾತ ಯುಗಾದಿ ದಿನ ಜಗಲಿ ಮೇಲೆ ಕಂಬಳಿ ಹಾಸಿ ಇಸ್ಪೀಟು ಹಂಚೋರು. ವರ್ಷಕ್ಕೆ ಒಂದೇ ದಿನ. ಎಲೆ ಎತ್ತಿಕೊಳ್ಳುವಾಗ ಒಂದರ ಹಿಂದೆ ಒಂದು ಮೆಲ್ಲಗೆ ಸರಿಸಿ ಮೂಲೆ ಮಾತ್ರ ನೋಡೋರು. ಎಕ್ಕ ಬಂದರೆ ಎಡಗೈ ಹೆಬ್ಬೆರಳಿನಿಂದ ಮೀಸೆ ಮುಟ್ಟಿಕೊಳ್ಳೋರು. ಊರಿಗೆಲ್ಲ ಗೊತ್ತಿತ್ತು, ಅವರಿಗೆ ಮಾತ್ರ ಗೊತ್ತಿರಲಿಲ್ಲ. ಮೀಸೆ ಮುಟ್ಟಿದ ತಕ್ಷಣ ಎಲ್ಲರೂ ಎಲೆ ಕೆಳಗಿಡೋರು.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಬೆಲ್ಲ ಅವರೇ, ನಿಮ್ಮ ತಾತನ ಮೀಸೆಯ ಮಾತು ಆನ್‌ಲೈನ್‌ಗೂ ಹೊಂದುತ್ತೆ. ಉಳಿದ ಎಲ್ಲ ಎಲೆಗೆ 250 ಹಾಕಿ, ಜೋಡಿ ಎಕ್ಕಕ್ಕೆ ಮಾತ್ರ 700 ಹಾಕಿದರೆ ಅದೂ ಮೀಸೆ ಮುಟ್ಟಿದ ಹಾಗೇ. ಯಾವ ಎಲೆ ಆದರೂ ರೈಸ್ ಅಳತೆ ಒಂದೇ ಇರಲಿ. ಲಿಂಪ್ ಮಾಡಿದವರು ಎಷ್ಟು ಅನ್ನೋದರ ಮೇಲೆ ಅಳತೆ ಬದಲಾಗಲಿ, ಎಲೆ ನೋಡಿ ಅಲ್ಲ.

ದಾವಣಗೆರೆ ಬೆಣ್ಣೆ (ಬೆಂಗಳೂರು)

ನನ್ನ ಪ್ರಶ್ನೆ ಬೇರೆ. ಇಲ್ಲಿ 2025ರ ಆಗಸ್ಟ್ 22ಕ್ಕೆ ಹೊಸ ಕೇಂದ್ರ ಕಾನೂನಿಗೆ ರಾಷ್ಟ್ರಪತಿ ಅಂಕಿತ ಬಿದ್ದ ಮೇಲೆ ದುಡ್ಡಿನ ಆನ್‌ಲೈನ್ ಪೋಕರ್ ನಿಂತಿದೆ. ಈಗ ಬಿಟ್ಟಿ ಚಿಪ್ಸ್ ಆಟ ಮಾತ್ರ. ಅಲ್ಲಿ ಮೊದಲ ಹತ್ತು ನಿಮಿಷ ಅರ್ಧ ಟೇಬಲ್ ಪ್ರತಿ ಹ್ಯಾಂಡಿಗೂ ಆಲ್ ಇನ್. ಈ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುತ್ತಾ?

ಗಣಿತ ಮೇಷ್ಟ್ರು

ಬರುತ್ತೆ, ಆದರೆ ರೂಪ ಬದಲಾಗುತ್ತೆ. ಮೂವರು ಯಾವ ಎಲೆಗಾದರೂ ಆಲ್ ಇನ್ ಅಂದಿದ್ದರೆ ಜೋಡಿ ಎಕ್ಕಕ್ಕೆ 64 ಸಲ ಗೆಲುವು, ಪಾಟ್ ನಾಲ್ಕು ಪಟ್ಟು. ಕಣ್ಣು ಮುಚ್ಚಿ ಕಾಲ್ ಮಾಡಿ. ಅಲ್ಲಿ ಕಲಿಯೋಕೆ ಆಗದೆ ಇರೋದು ಫ್ಲಾಪ್ ಆದ ಮೇಲೆ ಬಿಡುವ ಅಭ್ಯಾಸ. ಅದಕ್ಕೆ ಗೆಳೆಯರನ್ನು ಸೇರಿಸಿ ಬಿಟ್ಟಿ ಚಿಪ್ಸ್‌ನದೇ ಖಾಸಗಿ ಟೇಬಲ್ ಮಾಡಿಕೊಳ್ಳಿ. ಆರು ಜನ ಗಂಭೀರವಾಗಿ ಆಡಿದರೆ ಸಾಕು.

ದಾವಣಗೆರೆ ಬೆಣ್ಣೆ

ಮಾಡ್ತೀನಿ ಸರ್. ರಾಜ್ಯದಲ್ಲಿ 2021ರ ಅಕ್ಟೋಬರ್‌ನಲ್ಲಿ ಒಂದು ಸಲ ನಿಷೇಧ ಬಂದಿತ್ತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. ಆವಾಗ ನಾವು ಆರು ಜನ ಗೆಳೆಯರು ಒಟ್ಟಿಗೆ ಕಲಿಯೋಕೆ ಶುರು ಮಾಡಿದ್ದೆವು. ಆ ಆರು ಜನರನ್ನೇ ಮತ್ತೆ ಕೂರಿಸ್ತೀನಿ.

ರಾತ್ರಿಪಾಳಿ

ಹೊರದೇಶದ ಸೈಟ್‌ಗಳಲ್ಲಿ ಇಲ್ಲಿಂದಲೇ ಆಡೋಕೆ ದಾರಿ ಇದೆಯಂತಲ್ಲ? ಯಾರಾದರೂ

ನಿರ್ವಾಹಕರು

ಮೇಲಿನ ಪ್ರಶ್ನೆಯ ಉಳಿದ ಭಾಗ ತೆಗೆದಿದ್ದೇವೆ. ಭಾರತದಲ್ಲಿ ಕೂತು ದುಡ್ಡಿನ ಆಟ ಆಡುವ ಅಡ್ಡದಾರಿ ಇಲ್ಲಿ ಹೇಳಿಕೊಡುವಂತಿಲ್ಲ. ಎಲೆ ಆಡುವ ರೀತಿ, ಲೆಕ್ಕ, ಅನುಭವ ಎಷ್ಟು ಬೇಕಾದರೂ ಬರೆಯಿರಿ.

ತುಮಕೂರು ತೆಂಗು

ನಿರ್ವಾಹಕರಿಗೆ ಧನ್ಯವಾದ. ನಾನು ಆಡುವವನಲ್ಲ. ನನ್ನ ತಮ್ಮ ಆಡುತ್ತಿದ್ದ. ಅವನ ಕಥೆ ಈ ಪ್ರಶ್ನೆಗೆ ನೇರವಾಗಿ ಸೇರಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಕೆಟ್ಟದಾಗಿ ಆಡುತ್ತಿರಲಿಲ್ಲ ಅಂತ ಅವನ ಗೆಳೆಯರು ಹೇಳ್ತಾರೆ. ಆದರೆ ಟೂರ್ನಮೆಂಟ್ ಶುರುವಿನಲ್ಲಿ ಒಳ್ಳೆ ಎಲೆ ಸೋತರೆ ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ. ಔಟ್ ಆದ ತಕ್ಷಣ ಪರದೆ ಮೇಲೆ ಮತ್ತೆ ಸೇರುವ ಗುಂಡಿ ಬರುತ್ತದೆ. ಒತ್ತುತ್ತಿದ್ದ. ಅದೂ ಹೋದರೆ ಮತ್ತೆ. 500 ರೂಪಾಯಿಯ ಒಂದು ಟೂರ್ನಮೆಂಟ್‌ಗೆ ಒಂದೇ ರಾತ್ರಿ 4,500 ಹಾಕಿದ್ದನ್ನು ನಾನು ಅವನ ಮೊಬೈಲ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದಲ್ಲಿ ಮನೆ ಕಟ್ಟೋಕೆ ಇಟ್ಟಿದ್ದ ದುಡ್ಡು ಹೋಯಿತು. ಈಗ ಬಿಟ್ಟಿದ್ದಾನೆ, ಕೆಲಸ ಮಾಡ್ಕೊಂಡು ಚೆನ್ನಾಗಿದ್ದಾನೆ. ಮಳೆ ಅವರೇ, ನಾಲ್ಕು ಸಲ ಔಟ್ ಆದಾಗ ನೀವು ಮತ್ತೆ ಎಷ್ಟು ಸಲ ಸೇರಿದಿರಿ?

ಮಲ್ನಾಡ್ ಮಳೆ

ಕೇಳಿದ್ದು ಒಳ್ಳೆಯದಾಯಿತು. ನಾಲ್ಕರಲ್ಲಿ ಮೂರು ಸಲ ಮತ್ತೆ ಸೇರಿದೆ. ತಿಂಗಳಿಗೆ 250 ಡಾಲರ್ ಅಂತ ನಾನೂ ಹೆಂಡತಿಯೂ ಕೂತು ಮಾತಾಡಿ ಇಟ್ಟಿದ್ದೇವೆ. ಅದು ದಾಟಿಲ್ಲ. ಆದರೆ ಮತ್ತೆ ಸೇರಿದ ಮೂರು ಸಲವೂ ಸಿಟ್ಟಿನಲ್ಲಿ ಆಡಿದ್ದು ನಿಜ. ಇನ್ನು ಮೇಲೆ ಆ ಗುಂಡಿ ಒತ್ತಲ್ಲ. ನಿಮ್ಮ ತಮ್ಮನ ವಿಷಯ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಶರಾವತಿ

ತೆಂಗು ಅವರೇ, ನಿಮ್ಮ ತಮ್ಮನಿಗೆ ಒಳ್ಳೆಯದಾಗಲಿ.

ಬೇಗ ಔಟ್ ಆಗೋದು ಎಷ್ಟು ದೊಡ್ಡವರಿಗೂ ಆಗುತ್ತೆ. 2017ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಈವೆಂಟ್, ಲಾಸ್ ವೇಗಸ್. ವನೆಸಾ ಸೆಲ್ಬ್ಸ್ಟ್ ಅಂದರೆ ಆ ಹೊತ್ತಿಗೆ ಮೂರು ಬ್ರೇಸ್ಲೆಟ್ (ಆ ಸರಣಿಯ ಟೂರ್ನಮೆಂಟ್ ಗೆದ್ದವರಿಗೆ ಕೊಡುವ ಕಡಗ) ಗೆದ್ದಾಕೆ. 50,000 ಚಿಪ್ಸ್, ಮೊದಲ ಲೆವೆಲ್. ಕೈಯಲ್ಲಿ ಜೋಡಿ ಎಕ್ಕ. ಫ್ಲಾಪ್ ಎಕ್ಕ-7-5, ಟರ್ನ್ 7. ಫುಲ್ ಹೌಸ್, ಮೂರು ಎಕ್ಕ ಎರಡು 7! ಎದುರಿಗೆ ಫ್ರಾನ್ಸ್‌ನ ಗೇಲ್ ಬೌಮನ್ ಹತ್ತಿರ ಜೋಡಿ 7. ಅಂದರೆ ನಾಲ್ಕು 7. ಮೊದಲ ಲೆವೆಲ್ ಮುಗಿಯೋದರ ಒಳಗೆ ಸೆಲ್ಬ್ಸ್ಟ್ ಔಟ್. ಅಲ್ಲಿ ಫೋಲ್ಡ್ ಮಾಡಬೇಕಿತ್ತು ಅಂತ ನಾನು ಯಾವತ್ತೂ ಹೇಳಲ್ಲ.

ಮಂಡ್ಯ ಬೆಲ್ಲ

2008ರಲ್ಲಿ ಅದೇ ಟೂರ್ನಮೆಂಟ್‌ನಲ್ಲಿ ನಾಲ್ಕು ಎಕ್ಕ ಇದ್ದ ಮಬೂಚಿ ಅನ್ನುವವರು ಜಸ್ಟಿನ್ ಫಿಲಿಪ್ಸ್ ಅವರ ರಾಯಲ್ ಫ್ಲಶ್ (ಒಂದೇ ಜಾತಿಯ 10ರಿಂದ ಎಕ್ಕದ ತನಕ) ಎದುರು ಸೋತರು. ಆ ವಿಡಿಯೊ ಇವತ್ತಿಗೂ ನೋಡ್ತೀನಿ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಇವೆರಡೂ ತೀರಾ ಅಪರೂಪದ್ದು. ದಿನಾ ಆಗೋದು ಬೇರೆ. 2003ರ ಮೇನ್ ಈವೆಂಟ್‌ನ ಕೊನೆಯ ಹ್ಯಾಂಡ್ ತಗೋರಿ. 839 ಜನ ಆಡಿದ್ದರು. ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್ (ಗೆದ್ದವರಿಗೆ ದೊಡ್ಡ ಟೂರ್ನಮೆಂಟ್‌ಗೆ ಪ್ರವೇಶ ಸಿಗುವ ಸಣ್ಣ ಟೂರ್ನಮೆಂಟ್) ಗೆದ್ದು ಅಲ್ಲಿಗೆ ಬಂದವರು. ಎದುರಿಗೆ ಸ್ಯಾಮ್ ಫರ್ಹಾ. ಫ್ಲಾಪ್ ಗುಲಾಮ-5-4. ಫರ್ಹಾ ಹತ್ತಿರ ಗುಲಾಮ-10, ಅಂದರೆ ಮೇಲಿನ ಜೋಡಿ. ಮನಿಮೇಕರ್ ಹತ್ತಿರ 5-4. ಪೂರ್ತಿ ಚಿಪ್ಸ್ ಮಧ್ಯಕ್ಕೆ ಹೋಯಿತು. 25 ಲಕ್ಷ ಡಾಲರ್ ಮನಿಮೇಕರ್‌ಗೆ. ಅಲ್ಲಿ ಇಬ್ಬರೇ ಆಟಗಾರರು, ಆದ್ದರಿಂದ ಫರ್ಹಾ ಬಿಡೋದು ಕಷ್ಟ. ಆರು ಜನ ಇದ್ದ ಪಾಟ್‌ನಲ್ಲಿ ಒಂದು ಜೋಡಿ ಇಟ್ಟುಕೊಂಡು ನೂರು ಬ್ಲೈಂಡ್ ಹಾಕೋಕೆ ಅಷ್ಟು ಕಾರಣ ಇಲ್ಲ.

ಕುಡ್ಲ 19

ಹಾಗಾದರೆ ಜೋಡಿ ರಾಜ? ಫ್ಲಾಪ್‌ಗೆ ಮುಂಚೆಯೇ ಎದುರಿನವನು ನಾಲ್ಕನೇ ಸಲ ಏರಿಸಿ ಆಲ್ ಇನ್ ಅಂದರೆ? ಅವನ ಹತ್ತಿರ ಎಕ್ಕವೇ ಇರೋದು ಅಲ್ವಾ? ನಾನು ಒಮ್ಮೆ ಬಿಟ್ಟಿದ್ದೇನೆ.

ಗಣಿತ ಮೇಷ್ಟ್ರು

ಬಿಡಬೇಡಿ. ಒಂಬತ್ತು ಜನರ ಟೇಬಲ್‌ನಲ್ಲಿ ನಿಮಗೆ ಜೋಡಿ ರಾಜ ಬಂದಾಗ ಯಾರಿಗಾದರೂ ಜೋಡಿ ಎಕ್ಕ ಇರೋದು 25 ಸಲಕ್ಕೆ ಒಂದು. ಆರು ಜನರ ಟೇಬಲ್ ಆದರೆ 41ಕ್ಕೆ ಒಂದು.

ಆಲ್ ಇನ್ ಅಂದವನ ಹತ್ತಿರ ಬರೀ ಜೋಡಿ ಎಕ್ಕ, ರಾಜ, ರಾಣಿ, ಎಕ್ಕ-ರಾಜ ಮಾತ್ರ ಇರೋದು ಅಂತ ಕಟ್ಟುನಿಟ್ಟಾಗಿ ಇಟ್ಟುಕೊಂಡರೂ ನೋಡಿ. ಎರಡು ರಾಜ ನಿಮ್ಮ ಕೈಯಲ್ಲೇ ಇವೆ. ಹಾಗಾಗಿ ಜೋಡಿ ಎಕ್ಕ 6 ಬಗೆ, ಜೋಡಿ ರಾಣಿ 6 ಬಗೆ, ಎಕ್ಕ-ರಾಜ 8 ಬಗೆ, ಜೋಡಿ ರಾಜ 1. ಇಪ್ಪತ್ತೊಂದರಲ್ಲಿ ಆರು ಸಲ ಮಾತ್ರ ನೀವು ಹಿಂದೆ. ಎಲ್ಲ ಸೇರಿಸಿದರೆ ನೂರಕ್ಕೆ 57ರ ಹತ್ತಿರ ನಿಮ್ಮ ಪಾಲು. ಸಣ್ಣ ಆಟದಲ್ಲಿ ಜೋಡಿ ಗುಲಾಮ, ಜೋಡಿ 10, ಎಕ್ಕ-ರಾಣಿ ಕೂಡ ಬರ್ತವೆ. ಆಗ ಇನ್ನೂ ಹೆಚ್ಚು.

ಮಲ್ನಾಡ್ ಮಳೆ

ಮೇಷ್ಟ್ರೇ, ನನ್ನ ಎಕ್ಕ-ರಾಜ ಹೋಗಿದ್ದು ಹೀಗೇ. ನೂರು ಬ್ಲೈಂಡ್, ಫ್ಲಾಪ್‌ಗೆ ಮೊದಲೇ ಆಲ್ ಇನ್, ಎದುರಿಗೆ ಜೋಡಿ ರಾಣಿ. ಅದೂ ಸರಿಯೇ?

ಗಣಿತ ಮೇಷ್ಟ್ರು

ಜೋಡಿ ರಾಣಿ ಎದುರು ನಿಮ್ಮದು 43. ಒಂದೇ ಜಾತಿಯ (ಎರಡೂ ಇಸ್ಪೀಟು ಅಥವಾ ಎರಡೂ ಆಟೀನು, ಹೀಗೆ) ಎಕ್ಕ-ರಾಜ ಆದರೆ 46. ತೀರಾ ಕೆಟ್ಟದ್ದಲ್ಲ. ಆದರೆ ಅಲ್ಲಿಗೆ ಹೋಗಿ ತಲುಪಿದ ದಾರಿ ನೋಡಬೇಕು. ನೀವು ಮೂರನೇ ರೈಸ್ ಮಾಡಿ, ಅವನು ನಾಲ್ಕನೆಯದು ಮಾಡಿದಾಗ ಸುಮ್ನೆ ಕಾಲ್ ಮಾಡಿದ್ದರೂ ಆಗುತ್ತಿತ್ತು. ಎಕ್ಕ-ರಾಜಕ್ಕೆ ಫ್ಲಾಪ್‌ನಲ್ಲಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯದು ಸಿಗೋದು ಮೂರಕ್ಕೆ ಒಂದು ಸಲ. ಸಿಗದಿದ್ದರೆ ಬಿಟ್ಟುಬಿಡಿ. 20 ಬ್ಲೈಂಡ್ ಉಳಿದಿರುವಾಗ ಆಲ್ ಇನ್ ಮಾಡುವ ಎಲೆ ಅದು. ನೂರು ಬ್ಲೈಂಡ್ ಇದ್ದಾಗ ಆಟ ಬೇರೆ.

ಶರಾವತಿ

ಜೋಡಿ ರಾಣಿ, ಜೋಡಿ ಗುಲಾಮಕ್ಕೂ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಫ್ಲಾಪ್‌ನಲ್ಲಿ ನಿಮ್ಮ ಜೋಡಿಗಿಂತ ದೊಡ್ಡ ಎಲೆ ಬರೋದು ನೂರರಲ್ಲಿ ಗುಲಾಮಕ್ಕೆ 57 ಸಲ, ರಾಣಿಗೆ 41, ರಾಜಕ್ಕೆ 23. ಅದಕ್ಕೇ ಜೋಡಿ ಗುಲಾಮ ಬಂದಾಗ ಎಲ್ಲರಿಗೂ ಹೆದರಿಕೆ. ಹೆದರಿ ಲಿಂಪ್ ಮಾಡಿದರೆ ಇನ್ನೂ ಕಷ್ಟ. ರೈಸ್ ಮಾಡಿ, ಒಬ್ಬರನ್ನೋ ಇಬ್ಬರನ್ನೋ ಉಳಿಸಿಕೊಳ್ಳಿ. ದೊಡ್ಡ ಎಲೆ ಬಿದ್ದರೆ ಒಂದು ಬೆಟ್ ಹಾಕಿ ನೋಡಿ, ಅಲ್ಲಿಗೆ ನಿಲ್ಲಿಸಿ.

ಮಲ್ನಾಡ್ ಮಳೆ

ನಿನ್ನೆ ರಾತ್ರಿ ಆಡಿದೆ. ಬಂದು ಹೇಳಲೇಬೇಕು.

ಬ್ಲೈಂಡ್ 50-100, ನಾನು ಬಟನ್. ಮೂವರು ಲಿಂಪ್ ಮಾಡಿದರು. ಎಲೆ ನೋಡಿದರೆ ಜೋಡಿ ರಾಜ. 700 ಹಾಕಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಇಷ್ಟು ದೊಡ್ಡ ರೈಸ್‌ಗೆ ಯಾರೂ ಬರಲ್ಲ ಅಂತ. ಒಬ್ಬ ಬಂದ! ಪಾಟ್ 1,750. ಫ್ಲಾಪ್ ಎಕ್ಕ-ಗುಲಾಮ-4. ಅವನು ಚೆಕ್, ನಾನೂ ಚೆಕ್. ಟರ್ನ್ 8. ಅವನು 900 ಹಾಕಿದ. ಕಾಲ್ ಮಾಡಿದೆ. ರಿವರ್ 3. ಅವನು 2,500.

ಹದಿನೈದು ಸೆಕೆಂಡ್ ಗಡಿಯಾರ ಓಡುತ್ತಿತ್ತು. ಈ ಸಲ ನನ್ನ ಎಲೆ ನೋಡಲಿಲ್ಲ. ಲಿಂಪ್ ಮಾಡಿ, 700 ಕೊಟ್ಟು ಬಂದು, ಎರಡು ಸಲ ಬೆಟ್ ಹಾಕುವವನ ಹತ್ತಿರ ಏನಿರುತ್ತೆ ಅಂತ ಮಾತ್ರ ಯೋಚಿಸಿದೆ. ಎಕ್ಕ-10, ಎಕ್ಕ-9, ಎಕ್ಕ-ಗುಲಾಮ. ಗಡಿಯಾರದಲ್ಲಿ 3 ಇದ್ದಾಗ ಫೋಲ್ಡ್ ಒತ್ತಿದೆ. ಅವನು ಎಲೆ ತೋರಿಸಲಿಲ್ಲ. ನನ್ನ ಹತ್ತಿರ 8,400 ಉಳಿಯಿತು. ಅದರಲ್ಲೇ ಆಡಿಕೊಂಡು 412 ಜನರಲ್ಲಿ 31ನೆಯವನಾದೆ. 61 ಡಾಲರ್ ಬಂತು. ಮಗಳಿಗೆ ಬಣ್ಣದ ಪೆನ್ಸಿಲ್ ಡಬ್ಬಿ ತಂದಿದ್ದೇನೆ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಭಲೇ! ಆದರೆ ಫ್ಲಾಪ್‌ನ ಚೆಕ್ ನನಗೆ ಹಿಡಿಸಲಿಲ್ಲ. 500 ಹಾಕಬೇಕಿತ್ತು. ಗುಲಾಮ ಇದ್ದವನು ಕಾಲ್ ಮಾಡ್ತಿದ್ದ, ಎಕ್ಕ ಇದ್ದವನು ಅಲ್ಲೇ ಏರಿಸ್ತಿದ್ದ. ಟರ್ನ್‌ನ 900 ಉಳಿತಿತ್ತು.

ಶರಾವತಿ

ನಾನಂತೂ ಚೆಕ್ ಮಾಡ್ತಿದ್ದೆ. ಎಕ್ಕ ಇದ್ದವರು ಆ ಫ್ಲಾಪ್‌ನಲ್ಲಿ ಏರಿಸಲ್ಲ, ಸುಮ್ನೆ ಕಾಲ್ ಮಾಡ್ತಾರೆ. ನೀವೇ ಮೇಲೆ ಹೇಳಿದ್ದು, ಸಣ್ಣ ಆಟದವರು ಕಾಲ್ ಮಾಡೋದರಲ್ಲಿ ಧಾರಾಳಿಗಳು ಅಂತ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಹೇಳಿದ್ದು ಹೌದು ಬಿಡ್ರಿ. ಆದರೂ 500 ಹಾಕಿದ್ದರೆ ಟರ್ನ್‌ನಲ್ಲಿ ಅವನು ಚೆಕ್ ಮಾಡ್ತಿದ್ದನೋ ಇಲ್ಲವೋ ಅಂತ ನೋಡಬಹುದಿತ್ತು. ಮಳೆ ಅವರೇ, ಹ್ಯಾಂಡ್ ಹಿಸ್ಟರಿ ಪೂರ್ತಿ ಹಾಕ್ರಿ. ಅವನು ಮುಂಚೆ ಯಾವ ಎಲೆಗೆ ಲಿಂಪ್ ಮಾಡಿದ್ದ ಅನ್ನೋದು ಗೊತ್ತಾದರೆ ಮುಂದಿನ ಮಾತು.

ಮಲ್ನಾಡ್ ಮಳೆ

ಅವನು ಅದಕ್ಕೆ ಎರಡು ಹ್ಯಾಂಡ್ ಮುಂಚೆ ಎಕ್ಕ-6 ಲಿಂಪ್ ಮಾಡಿ ತೋರಿಸಿದ್ದು ನೆನಪಿದೆ. ಪೂರ್ತಿ ಹಿಸ್ಟರಿ ಶನಿವಾರ ಹಾಕ್ತೀನಿ, ಇವತ್ತು ಮಗಳಿಗೆ ಜ್ವರ.